ಒಂದೇ ಕಿಟಕಿಯ ಕೋಣೆ

ಸದರ್ ಬಡಾವಣೆಯ ಆ ಬಾಡಿಗೆ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಮಾಲೀಕ ಅದಕ್ಕೂ ಕೂಲರ್ ಕೂರಿಸಿ, ಸುತ್ತ ಹಲಗೆ ಬಡಿದಿದ್ದ. ಮಳೆಗಾಲದಲ್ಲಾದರೂ ತೆಗೆಯಪ್ಪಾ ಎಂದರೆ, ಮತ್ತೆ ಬೇಸಿಗೆ ಬಂದೇ ಬರುತ್ತದಲ್ಲ ಎಂದು ಹಲ್ಲು ಕಿರಿಯುತ್ತಿದ್ದ. ಗೋಡೆಗೆಲ್ಲ ಬೂಷ್ಟು ಹಿಡಿಯಿತು, ಮಗಳಿಗೆ ಕೆಮ್ಮು ಹತ್ತಿತು. ಕಿಟಕಿ ತೆರೆದಿಡಿ ಎಂದರು ಡಾಕ್ಟರು. ಹೊರಗೆ ಬಂದ ಹೆಂಡತಿ ನನ್ನ ಮೇಲೆ ಹರಿಹಾಯ್ದಳು: "ಯಾವ ಕಿಡಕಿ ತೆರೀಬೇಕ್ರಿ? ಔಷಧದ ಚೀಟಿಯೊಳಗ ಒಂದು ಕಿಡಕೀನೂ ಬರದು ಕೊಡ್ರಿ ಅಂತ ಹೇಳ್ರಿ ಅವರಿಗೆ!"

ಕೊನೆಗೆ ರೈಲ್ವೆ ಕ್ವಾರ್ಟರ್ಸ್ ಸಿಕ್ಕಿತು. ಎದುರುಬದುರು ಎರಡು ಕಿಟಕಿ. ಔಷಧದ ಬಾಟಲಿ ಅರ್ಧ ಖಾಲಿಯಾಗುವುದರೊಳಗೆ ಕೆಮ್ಮು ನಿಂತಿತು.

ಮೊನ್ನೆ ಹಳೇ ಕೋಣೆಯ ಮುಂದೆ ಹಾದುಹೋದೆ. ಹಲಗೆ ಹಾಗೇ ಇತ್ತು. ಒಳಗೆ ಯಾರದೋ ಮಗು ಕೆಮ್ಮುತ್ತಿತ್ತು. ಮಾಲೀಕ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ತಂಗಾಳಿಗೆ ಕೂತಿದ್ದ.