ಹುಣಸೆ ನೀರಿನ ಬೆಳ್ಳಿ

‘ನಮ್ಮ ಮನಿತನದಾಗ ಡಿಗ್ರಿ? ಅದೂ ಹೆಣ್ಣು ಹುಡುಗಿ? ಆಗದ ಮಾತು ಬಿಡು.’

ಹೀಗೆಂದವರು ನನ್ನಪ್ಪ. ಹುಬ್ಬಳ್ಳಿಯಲ್ಲಿ ಬೆಳ್ಳಿ ಕೆಲಸದ ಅಂಗಡಿ ಇಟ್ಟಿದ್ದವರು. ನನಗೆ ಒರೆಗಲ್ಲು ಮುಟ್ಟಲೂ ಬಿಡಲಿಲ್ಲ. ನನ್ನ ಪಾಲಿಗೆ ಬಂದದ್ದು ಹುಣಸೆ ನೀರಿನ ಪಾತ್ರೆ. ತಾಮ್ರ ಬೆರೆಸಿದ ಕಾಲ್ಗಡಗವನ್ನು ಕೆಂಪಗೆ ಕಾಯಿಸಿ ಅದರಲ್ಲಿ ಕುದಿಸಬೇಕು. ಮೇಲಿನ ತಾಮ್ರ ಕರಗಿ, ಬೆಳ್ಳಿ ಮಾತ್ರ ಉಳಿದು ಹೊಳೆಯುತ್ತದೆ. ಒಳಗಿನದನ್ನು ಯಾರು ಕೇಳುತ್ತಾರೆ?

ಬಸಮ್ಮ ಕೇಳಿದಳು. (ಬಾಯಿಬಿಟ್ಟು ಅಲ್ಲ.) ಗಂಡನ ಆಸ್ಪತ್ರೆ ಖರ್ಚಿಗೆಂದು, ನಮ್ಮಲ್ಲಿ ಕೊಂಡ ಕಡಗ ಮಾರಲು ಹೋಗಿದ್ದಳು. ಬೇರೆ ಅಂಗಡಿಯವರು ಕರಗಿಸಿ ತೋರಿಸಿದರು. ಅರ್ಧಕ್ಕರ್ಧ ತಾಮ್ರ! ಆಕೆ ನಮ್ಮ ಅಂಗಡಿ ಮುಂದೆ ಬಂದು ಸುಮ್ಮನೆ ನಿಂತಳು. ಅಪ್ಪ ತಲೆ ಎತ್ತಲಿಲ್ಲ. ವಾರದೊಳಗೆ ಅವಳ ಗಂಡ ತೀರಿಕೊಂಡ.

ಇದೆಲ್ಲ ಈಗೇಕೆ ಅಂತೀರಾ?

ಅಪ್ಪನ ಮಾತು ಮೀರಿ ಓದಿ, ಅಮೆರಿಕದ ಟೆಕ್ಸಾಸ್‌ಗೆ ಬಂದು, ಆಸ್ಟಿನ್‌ನಲ್ಲಿ ಡಿಗ್ರಿಗಾಗಿ ನಾನು ಪ್ರಬಂಧ ಬರೆದದ್ದು ರೋಮನ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳ ಮೇಲೆ. ಡಲ್ಲಾಸ್‌ನ ಸಂಗ್ರಾಹಕರೊಬ್ಬರು ಕೊಟ್ಟ ದಿನಾರಿಯಸ್ ನಾಣ್ಯವನ್ನು ಎಕ್ಸ್‌ರೇ ಮಷೀನಿಗೆ ಇಟ್ಟೆ. ಅದು ನೋಡುವುದು ಮೇಲ್ಪದರವನ್ನಷ್ಟೇ. ಬಹುಪಾಲು ಬೆಳ್ಳಿ ಅಂತ ರೀಡಿಂಗ್ ಬಂತು. ಪ್ರೊಫೆಸರ್ ಖುಷಿ. ನನ್ನ ಮೂಗಿಗೆ ಮಾತ್ರ ಹುಣಸೆ ವಾಸನೆ! ಒಪ್ಪಿಗೆ ಪಡೆದು ಕತ್ತರಿಸಿದೆ. ಒಳಗೆ ಕೆಂಪು. ಸೈನಿಕರ ಸಂಬಳಕ್ಕೆ ಚಕ್ರವರ್ತಿಯೂ ಇದೇ ಆಟ ಆಡಿದ್ದ. (ನಿಮ್ಮ ಜೇಬಿನ ಇಪ್ಪತ್ತೈದು ಸೆಂಟಿನ ಕ್ವಾರ್ಟರ್ ನಾಣ್ಯ ತೆಗೆದು ಅಂಚು ನೋಡಿ. ಅಲ್ಲೂ ತಾಮ್ರದ ಗೆರೆ.)

‘ಮಷೀನು ನಂಬದೆ ಕತ್ತರಿಸಿದೆಯಲ್ಲ, ಒಳಗೆ ತಾಮ್ರವಿದೆ ಅಂತ ನಿನಗೆಲ್ಲಿಂದ ಗೊತ್ತಾಯಿತು?’ ಎಂದರು ಪ್ರೊಫೆಸರ್. ‘ಮೂಲ ಬರೆಯದಿದ್ದರೆ ಪ್ರಬಂಧ ಪಾಸ್ ಆಗೋದಿಲ್ಲ.’

ಅಪ್ಪ ಈಗ ಹ್ಯೂಸ್ಟನ್‌ನಲ್ಲಿ ಅಣ್ಣನ ಮನೆಯಲ್ಲಿದ್ದಾರೆ. ನಮ್ಮ ಅಂಗಡಿಯ ವಿಷಯ ಬರೆಯುತ್ತೇನೆಂದು ಅಪ್ಪನಿಗೆ ಫೋನ್ ಮಾಡಿದೆ.

‘ಬರೀಬ್ಯಾಡ ಮಗಳ. ಗಿರಾಕಿಗೆ ಗೊತ್ತಾದರ?’

‘ಟೆಕ್ಸಾಸ್‌ನಾಗ ಯಾವ ಗಿರಾಕಿ ಅದಾರಪ್ಪಾ?’

ಫೋನ್ ಇಟ್ಟುಬಿಟ್ಟರು.

ಬರೆದೆ. ಅಂಗಡಿ, ಪಾತ್ರೆ, ಅಪ್ಪನ ಹೆಸರು, ಎಲ್ಲ. ಹೊಟ್ಟೆ ಕಟ್ಟಿ ಓದಿದ್ದೇನೆ. ಆ ಡಿಗ್ರಿಗೂ ಹುಣಸೆ ನೀರಿನ ಹೊಳಪು ಕೊಡಲೇ?

ಕಳೆದ ಶನಿವಾರ ಪೆಟ್ರೋಲಿಗೆ ಕ್ಯೂ ನಿಂತು, ಹ್ಯೂಸ್ಟನ್‌ವರೆಗೆ ಡ್ರೈವ್ ಮಾಡಿ, ಸರ್ಟಿಫಿಕೇಟನ್ನು ಅಪ್ಪನ ಕೈಗೆ ಕೊಟ್ಟೆ. ಅವರಿಗೆ ಇಂಗ್ಲಿಷ್ ಬಾರದು. ಕಿಟಕಿಯ ಬೆಳಕಿಗೆ ಹಿಡಿದರು. ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ ನೋಡಿದರು. ನನ್ನ ಮುಖ ನೋಡಲಿಲ್ಲ. ಆಮೇಲೆ ಕೇಳಿದರು:

‘ಬಸಮ್ಮನ ಹೆಸರೂ ಬರದೀ ಏನವ್ವಾ?’