ಬುಧವಾರದ ಬೆಣೆ

ಮುಚ್ಚಿದ ಬಾಗಿಲಿನ ಕೆಳಗಿನ ಸಂದಿಯಿಂದ ಬಿಸಿ ಅನ್ನದ ವಾಸನೆ ಬರುತ್ತಿತ್ತು. ಮೊನ್ನೆ ಬುಧವಾರ ಸಂಜೆ ಐದಕ್ಕೆ, ಡಾಲಸ್‌ನ ನಮ್ಮ ವಿಶ್ವವಿದ್ಯಾಲಯದ ಹಾಸ್ಟೆಲಿನ ಮೂರನೆಯ ಮಹಡಿಯಲ್ಲಿ ಆ ಬಾಗಿಲು ತಟ್ಟಿದ್ದೆ. ಒಳಗೆ ಏನನ್ನೋ ಬಚ್ಚಿಡುವ ದಡಬಡ ಸದ್ದು, ಆಮೇಲೆ ಗಪ್‌ಚಿಪ್. ನಗು ಬಂತು. ಹದಿನೈದು ವರ್ಷದ ಹಿಂದೆ ಹ್ಯೂಸ್ಟನ್ನಿನಲ್ಲಿ ಹಾಗೆ ಬಚ್ಚಿಟ್ಟವಳು ನಾನು. ಆಗ ಹೊರಗೆ ನಿಂತಿದ್ದವರು ನಮ್ಮ ಮೇಷ್ಟ್ರು.

ಮೇಷ್ಟ್ರು ಧಾರವಾಡದ ಕಡೆಯವರು, ನಮಗೆ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದರು. ಪಾಠ ಮಾಡುವವರೂ ವಿದ್ಯಾರ್ಥಿಗಳ ಜೊತೆಗೇ ಇರಲಿ ಎಂದು ಇಲ್ಲಿ ಅಮೆರಿಕದಲ್ಲಿ ಹಾಸ್ಟೆಲಿನ ಕೆಳಗಡೆ ಅಧ್ಯಾಪಕರೊಬ್ಬರಿಗೆ ಮನೆ ಕೊಡುತ್ತಾರೆ. ಆ ವರ್ಷ ಅದರಲ್ಲಿ ಇದ್ದವರು ಇವರು. ನನಗೆ ಅದೆಲ್ಲ ಎಲ್ಲಿ ಗೊತ್ತು? ಮೈಸೂರಿನ ಹಾಸ್ಟೆಲಿನಲ್ಲಿ ಬೆಳೆದ ಬುದ್ಧಿ ನನ್ನದು. ಬಾಗಿಲು ಸದ್ದಾದರೆ ವಾರ್ಡನ್ ಬಂದರು, ಸ್ಟವ್ ಹೋಯಿತು ಎಂದೇ ಲೆಕ್ಕ. ಕುದಿಯುತ್ತಿದ್ದ ರೈಸ್ ಕುಕ್ಕರನ್ನು ಬಟ್ಟೆಯ ಕಪಾಟಿನೊಳಗೆ ತುರುಕಿ ಬಾಗಿಲು ತೆಗೆದೆ.

ಅವರು ಒಳಗೆ ಬರಲಿಲ್ಲ. ವಿದ್ಯಾರ್ಥಿಗಳ ರೂಮಿನೊಳಗೆ ಯಾವತ್ತೂ ಕಾಲಿಡುತ್ತಿರಲಿಲ್ಲ. ಜೇಬಿನಿಂದ ಮರದ ಬೆಣೆಯೊಂದನ್ನು ತೆಗೆದು, ತಾನಾಗಿಯೇ ಮುಚ್ಚಿಕೊಳ್ಳುವ ಆ ಭಾರದ ಬಾಗಿಲಿಗೆ ಒತ್ತು ಕೊಟ್ಟು, ಕಾರಿಡಾರಿನಲ್ಲೇ ಮಡಿಸುವ ಸ್ಟೂಲು ಹಾಕಿ ಕೂತರು. ನನ್ನ ಹಿಂದೆ ಕಣ್ಣು ಹಾಯಿಸಿ ಕೇಳಿದರು:

"ತಂಗೀ, ಕಪಾಟಿನ್ಯಾಗ ಅನ್ನಾ ಇಟ್ಟು ಯಾವ ದೇವರಿಗೆ ನೈವೇದ್ಯ ಮಾಡಾಕತ್ತೀಯವಾ?"

ತಿರುಗಿ ನೋಡಿದರೆ ಕಪಾಟಿನ ಸಂದಿಯಿಂದ ಹಬೆ! ಅಮ್ಮ ಕೊಟ್ಟ ರೇಷ್ಮೆ ಸೀರೆಯ ಮೇಲೆಲ್ಲ ಗಂಜಿ. ನಗಬೇಕಿತ್ತು, ಗೊಳೋ ಎಂದು ಅತ್ತುಬಿಟ್ಟೆ.

ಅತ್ತದ್ದು ಸೀರೆಗಲ್ಲ. ಅವರದೇ ಪರೀಕ್ಷೆಯಲ್ಲಿ ಮಕಾಡೆ ಬಿದ್ದು, ಎರಡು ವಾರದಿಂದ ಕ್ಲಾಸಿಗೆ ಹೋಗಿರಲಿಲ್ಲ. ಓದು ಬಿಡುವ ಅರ್ಜಿ ಮೇಜಿನ ಮೇಲಿತ್ತು, ಸಹಿ ಒಂದು ಬಾಕಿ.

"ನನ್ ಕೈಲಿ ಆಗಲ್ಲ ಸರ್. ವಾಪಸ್ ಹೋಗ್ಬಿಡ್ತೀನಿ."

"ಹೋಗಾಕ ಯಾರ್ ಬ್ಯಾಡಂದ್ರು? ಮುಂದಿನ ಬುಧವಾರ ಐದಕ್ಕ ನಾ ಬರ್ತೀನಿ. ಅಲ್ಲೀತನಕ ಸಹಿ ಮಾಡಬ್ಯಾಡ, ಅಷ್ಟ."

ಬಂದರು. ನಾನು ಬಾಗಿಲು ತೆಗೆಯಲಿಲ್ಲ, ಉಸಿರು ಬಿಗಿಹಿಡಿದು ಕೂತೆ. ಇನ್ನೇನು ಹೋಗುತ್ತಾರೆ ಅಂದುಕೊಂಡರೆ ಸ್ಟೂಲು ಬಿಚ್ಚಿದ ಸದ್ದು. "ಇರಲಿ ಬಿಡವಾ, ಪೇಪರ್ ತಿದ್ದೂದೈತಿ, ಇಲ್ಲೇ ಕುಂತಿರ್ತೀನಿ." ಒಂದು ಗಂಟೆ ಹಾಳೆ ಮಗುಚುವುದು ಕೇಳಿಸುತ್ತಲೇ ಇತ್ತು. ಅದರ ಮುಂದಿನ ಬುಧವಾರವೂ ಅದೇ. ಎಂಥ ಮೊಂಡ ಮನುಷ್ಯನಪ್ಪಾ! ಮೂರನೆಯ ಬುಧವಾರ ನನಗೆ ರೇಗಿತು. ನಾಲ್ಕು ಜನ ಓಡಾಡುವ ಕಡೆ ಕೂತು ನನ್ನ ಮರ್ಯಾದೆ ಯಾಕೆ ತೆಗೆಯುತ್ತೀರಿ ಎಂದು ಕೇಳಿಯೇ ಬಿಡೋಣ ಅಂತ ಬಾಗಿಲು ತೆಗೆದೆ. ಅವರು ಬೆಣೆಯನ್ನು ಕಾಲಲ್ಲೇ ಬಾಗಿಲಿನ ಕೆಳಗೆ ತಳ್ಳಿ, ನನ್ನ ಪರೀಕ್ಷೆಯ ಪೇಪರನ್ನು ಕೈಗಿಟ್ಟರು.

"ಮೂರನೇ ಲೆಕ್ಕ ಅರ್ಧಾ ಸರಿ ಐತಿ. ಉಳಿದರ್ಧ ಇಬ್ಬರೂ ಕೂಡಿ ನೋಡೂಣು."

ಮುಸ್ಸಂಜೆ ಹೊಸ್ತಿಲ ಮೇಲೆ ಕೂರಬಾರದು ಎಂದು ಅಮ್ಮ ಬೈಯುತ್ತಿದ್ದಳು. ಆ ಸೆಮಿಸ್ಟರ್ ಪೂರ್ತಿ ನಾನು ಕೂತದ್ದು ಅಲ್ಲೇ, ಅವರು ಸ್ಟೂಲಿನ ಮೇಲೆ... ಅರ್ಜಿ ಕೊನೆಗೆ ಬಿಸಿ ಕುಕ್ಕರಿನ ಅಡಿಗೆ ಹಾಸಲು ಬಂತು.

ಓದು ಮುಗಿದ ದಿನ ಆ ಬೆಣೆಯನ್ನೇ ನನಗೆ ಕೊಟ್ಟರು. ಏನೋ ಹೇಳಿದರು ಕೂಡ... ಈಗ ನೆನಪಾಗುತ್ತಿಲ್ಲ.

ನಿವೃತ್ತರಾದ ಮೇಲೆ ಆಸ್ಟಿನ್‌ಗೆ, ಮಗಳ ಹತ್ತಿರ ಶಿಫ್ಟ್ ಆದರು. ನಾನು ಡಾಲಸ್‌ನಲ್ಲಿ ಪಾಠ ಮಾಡುತ್ತಾ ಪಕ್ಕದ ಅಲೆನ್‌ನಲ್ಲಿ ಮನೆ ಮಾಡಿದ್ದೆ. ಮೂರೂವರೆ ಗಂಟೆಯ ಡ್ರೈವ್, ಅಷ್ಟೇ. "ಈ ಸೆಮಿಸ್ಟರ್ ಮುಗೀಲಿ, ಬರ್ತೀನಿ ಸರ್" ಎನ್ನುತ್ತಲೇ ಇದ್ದೆ. "ಬಾರವಾ, ಬಾಗಿಲಾ ತೆಗದ ಇರ್ತೈತಿ" ಎನ್ನುತ್ತಿದ್ದರು. ಕಳೆದ ಬೇಸಿಗೆಯಲ್ಲಿ ಅವರ ಮಗಳ ಫೋನ್ ಬಂತು. ಆಗ ಹೋದೆ... ಹೋಗಿ ಏನು ಬಂತು? ನನ್ನ ಸೋಮಾರಿತನವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ವಾಪಸ್ ಬಂದವಳೇ ನಮ್ಮ ಹಾಸ್ಟೆಲಿನ ಅಧ್ಯಾಪಕರ ಮನೆ ಬೇಕೆಂದು ಕೇಳಿದೆ. "ಇಷ್ಟು ದೊಡ್ಡ ಮನೆ ಬಿಟ್ಟು ಆ ಗಲಾಟೆ ಮಧ್ಯೆ ಇರ್ತೀಯಾ? ತಲೆ ನೆಟ್ಟಗಿದೆಯಾ?" ಎಂದರು ನನ್ನ ಗಂಡ. ನೆಟ್ಟಗಿದೆ ಅಂದೆ. ಗೊಣಗುತ್ತಲೇ ಸಾಮಾನು ಕಟ್ಟಿದರು.

ಮೊನ್ನೆಯ ಆ ರೂಮು ಹಾಸನದಿಂದ ಬಂದ ನನ್ನ ವಿದ್ಯಾರ್ಥಿನಿಯದು. ತಿಂಗಳಿಂದ ಕ್ಲಾಸಿಗೆ ಬಂದಿರಲಿಲ್ಲ. ನಾನು ಬಾಗಿಲು ತಟ್ಟಿದ್ದು ಅದು ನಾಲ್ಕನೆಯ ಬುಧವಾರ. ನಾನು ಮೂರನೆಯದಕ್ಕೇ ಸೋತಿದ್ದೆ, ಇವಳು ನನಗಿಂತ ಗಟ್ಟಿ. ಸ್ಟೂಲು ಬಿಚ್ಚಿ ಕೂತು ಪೇಪರ್ ತಿದ್ದಿದೆ. ಆರು ಹೊಡೆಯಿತು. ಇನ್ನೇನು ಮಾಡಲಿ ಸರ್ ಎಂದು ಕೇಳೋಣವೆಂದು ಫೋನ್ ತೆಗೆದವಳು ಮೇಷ್ಟ್ರ ನಂಬರ್ ಕಂಡ ಮೇಲೆ ಅದನ್ನು ಹಾಗೇ ಒಳಗಿಟ್ಟೆ. ಆ ಕಡೆ ಎತ್ತುವವರು ಇನ್ನಿಲ್ಲ.

ಪಕ್ಕಕ್ಕಿಟ್ಟಿದ್ದ ಮೇಷ್ಟ್ರ ಬೆಣೆಯನ್ನು ಜೇಬಿಗೆ ಹಾಕಿಕೊಂಡು ಎದ್ದೆ. ಹೊರಡುವ ಮುಂಚೆ ಬಾಗಿಲಿನ ಹತ್ತಿರ ಬಗ್ಗಿ ಹೇಳಿದೆ:

"ಕುಕ್ಕರನ್ನ ಕಪಾಟಿನಿಂದ ಆಚೆ ತೆಗಿ ಮಾರಾಯ್ತಿ, ಬಟ್ಟೆ ಹಾಳಾಗುತ್ತೆ. ಬುಧವಾರ ಮತ್ತೆ ಬರ್ತೀನಿ."

ಒಳಗೆ ಕಪಾಟಿನ ಬಾಗಿಲು ತೆರೆದ ಸದ್ದಾಯಿತು.