ಭಾವ ಎದ್ದು ನಿಂತರು

ಕಳೆದ ವಾರ ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಸೀರೆ ಸರಿಸಿ ಮಂಡಿಗೆ ನೀಲಗಿರಿ ಎಣ್ಣೆ ಹಚ್ಚಿಕೊಂಡಳು. ಊಟಿ ರಸ್ತೆಯ ಮಗ್ಗುಲಲ್ಲೇ ಹುಟ್ಟಿ ಬೆಳೆದ ನನಗೆ ಆ ವಾಸನೆ ಹೊಸದಲ್ಲ. ನೆಗಡಿಯಾದರೂ ಅದೇ, ಸೊಂಟ ಹಿಡಿದುಕೊಂಡರೂ ಅದೇ. ಆದರೂ ಎದೆ ಝಲ್ಲೆಂದಿತು. ಕಿಟಕಿ ಸರಿಸಿ ಮುಖ ಆಚೆ ತಿರುಗಿಸಿಕೊಂಡೆ. ಆ ವಾಸನೆ ಅಂದರೆ ನನಗೆ ಭಾವ. ಪಂದ್ಯ ಮುಗಿಸಿ ಬಂದು ಬರಿಮೈಯಲ್ಲಿ ಜಗಲಿ ಮೇಲೆ ಕೂತಿರುವ ಭಾವ. ಹಿಂದೆ ನಿಂತು ಅವರ ಕುತ್ತಿಗೆಗೆ ಎಣ್ಣೆ ತಿಕ್ಕುತ್ತಾ, ಬಗ್ಗಿ ಬಗ್ಗಿ ಅವರ ಕಣ್ಣು ನೋಡುವ ಅಕ್ಕ...

ಭಾವ ಬಾಕ್ಸರ್, ಅದೂ ಹೆವಿವೇಟ್. ಅಕ್ಕನನ್ನು ನೋಡಲು ನಮ್ಮ ಮನೆಗೆ ಬಂದ ದಿನ ಅವರ ಅಂಗೈಯೊಳಗೆ ಕಾಫಿ ಲೋಟ ಕಾಣದಂತಾಗಿತ್ತು. ನಾನು ಅಡುಗೆಮನೆಗೆ ಹೋಗಿ, ಈ ಕೈಯಲ್ಲಿ ಒಂದೇಟು ಬಿದ್ದರೆ ನಿನ್ನನ್ನು ಹುಲ್ಲಹಳ್ಳಿಯಲ್ಲಿ ಹುಡುಕಬೇಕಾಗುತ್ತೆ ಎಂದೆ. ಹುಟ್ಟಾ ಪುಕ್ಕಲಿ ನಾನು. ಅಕ್ಕ ನಕ್ಕು ಮದುವೆಗೆ ಒಪ್ಪಿಕೊಂಡಳು. ಆ ಕೈ ಮನೆಯಲ್ಲಿ ಯಾರ ಮೇಲೂ ಏಳಲಿಲ್ಲ. ನಾವು ಕೈ ನೋಡಿ ಹೆದರಿದೆವೇ ಹೊರತು, ಹೆದರಬೇಕಾದದ್ದು ಅವರ ತಲೆಯ ಬಗ್ಗೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಅಕ್ಕನ ಮಾವ ನರಸೀಪುರದ ಹಳೇ ಪೈಲ್ವಾನರು. ಹೊಳೆ ಕಡೆಯ ಗರಡಿಮನೆಯಲ್ಲಿ ಎಷ್ಟೋ ಹುಡುಗರಿಗೆ ಪಟ್ಟು ಕಲಿಸಿದವರು. ಮಾತು ಕಡಿಮೆ. ಗರಡಿಯಲ್ಲಿ ಅವರದು ಒಂದೇ ಕಟ್ಟಪ್ಪಣೆ. ಬೆನ್ನಿಗೆ ಮಣ್ಣು ಹತ್ತಿತೋ, ಕುಸ್ತಿ ಮುಗಿಯಿತು. ಹತ್ತಿಲ್ಲ ಎಂದು ವಾದ ಮಾಡಬಾರದು, ಮೇಲೆದ್ದು ಮತ್ತೆ ಕೈ ಹಾಕಬಾರದು. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿಯವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಭಾವ ಬೆಳೆದದ್ದು ಆ ಮಣ್ಣಿನಲ್ಲಿ. ಕಾಲೇಜಿಗೆ ಸೇರಿದ ಮೇಲೆ ಒಬ್ಬ ಕೋಚ್ ಅವರ ಮೈಕಟ್ಟು ನೋಡಿ ಗ್ಲೌಸ್ ತೊಡಿಸಿದರು. ಜಿಲ್ಲೆ ಗೆದ್ದರು, ರಾಜ್ಯ ಗೆದ್ದರು, ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕೆಲಸವೂ ಆಯಿತು. ಆ ತೂಕಕ್ಕೆ ಎದುರಾಳಿಗಳೇ ಅಪರೂಪ. ಸಿಕ್ಕವರು ಇವರ ಎಡಗೈ ಏಟಿಗೆ ಎರಡನೇ ರೌಂಡೂ ಕಾಣುತ್ತಿರಲಿಲ್ಲ ಎಂದು ಅವರ ಗೆಳೆಯರು ಹೇಳುತ್ತಿದ್ದರು.

ಅಲ್ಲೇ ಎಡವಟ್ಟಾದದ್ದು. ಬಾಕ್ಸಿಂಗಿನಲ್ಲಿ ಯಾರೂ ಬೀಳಿಸದ ಕಾರಣ ಭಾವನಿಗೆ ಅಲ್ಲಿ ಬಿದ್ದು ಗೊತ್ತಿರಲಿಲ್ಲ. ರಾಷ್ಟ್ರಮಟ್ಟದ ಒಂದು ಪಂದ್ಯದಲ್ಲಿ ಹರಿಯಾಣದ ಒಬ್ಬ ಹುಡುಗ ಮೊದಲ ಸಲ ಅವರನ್ನು ಅಂಗಾತ ಬೀಳಿಸಿದ. ಪೆಟ್ಟು ಅಂಥಾದ್ದೇನಲ್ಲ. ಪ್ರಜ್ಞೆ ಇತ್ತು, ಕಣ್ಣು ಬಿಟ್ಟುಕೊಂಡೇ ಇದ್ದರು. ಹತ್ತು ಎಣಿಸುವುದರೊಳಗೆ ಎದ್ದರೆ ಆಟ ಮುಂದುವರಿಯುತ್ತದೆ ಎಂಬುದು ತಲೆಗೆ ಗೊತ್ತು. ಗರಡಿಯಲ್ಲಿ ಪಳಗಿದ ಬೆನ್ನಿಗೆ ಗೊತ್ತಿಲ್ಲ. ಬೆನ್ನು ನೆಲ ಮುಟ್ಟಿದ ಕೂಡಲೇ ಭಾವ ಕೈಕಾಲು ಸಡಿಲ ಬಿಟ್ಟು ಮಲಗಿಬಿಟ್ಟರು. ರೆಫರಿ ಎಣಿಸಿ ಮುಗಿಸಿದ ಮೇಲೆ ಆರಾಮಾಗಿ ಎದ್ದು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಗೆದ್ದವನನ್ನು ತಬ್ಬಿಕೊಂಡರು. ಸ್ಟೇಡಿಯಮ್ಮೇ ಗೊಳ್ಳೆಂದಿತಂತೆ. ಅವತ್ತಿನಿಂದ ಜೊತೆಯವರ ಬಾಯಲ್ಲಿ ಭಾವ ‘ಮನಿಕೊಂಡ ಪೈಲ್ವಾನ್’ ಆದರು. ಊರಿಗೆ ಬಂದಾಗ ಮಾವಯ್ಯ ಮಾತ್ರ ಸರಿಯಾಗಿ ಮಾಡಿದೆ ಎಂದು ಬೆನ್ನು ತಟ್ಟಿದರು. ಭಾವನಿಗೆ ಅದೇ ಇನ್ನೂ ಉರಿಯಿತು ಅಂತ ಕಾಣುತ್ತೆ.

ಪ್ರೊಫೆಷನಲ್ ಆಗುತ್ತೇನೆ ಎಂದು ಅವರು ಹಟ ಹಿಡಿದದ್ದು ಆ ಹೆಸರು ಅಳಿಸಲು. ಅಲ್ಲಿ ತಲೆಗೆ ಗಾರ್ಡ್ ಇಲ್ಲ, ರೌಂಡುಗಳೂ ಜಾಸ್ತಿ. ಮೊದಮೊದಲು ಗೆದ್ದರು. ಪೇಪರಿನಲ್ಲಿ ಫೋಟೋ ಬಂತು, ಬನ್ನೂರಿನಲ್ಲಿ ಹಾರ ಹಾಕಿದರು. ಆಮೇಲೆ ಹೊರದೇಶದಿಂದ ಕರೆ ಬರತೊಡಗಿತು. ಅಲ್ಲಿಯ ಎಳೆಯ ಬಾಕ್ಸರುಗಳಿಗೆ ಹೊಡೆದು ಹೆಸರು ಮಾಡಿಕೊಳ್ಳಲು ಒಂದು ದೊಡ್ಡ ಮೈ ಬೇಕಿತ್ತು, ಅಷ್ಟೇ. ಭಾವ ಬೀಳುತ್ತಿದ್ದರು, ಏಳುತ್ತಿದ್ದರು, ಮತ್ತೆ ಹೊಡೆಸಿಕೊಳ್ಳುತ್ತಿದ್ದರು. ಎದ್ದು ಎದ್ದು ಸೋತರು. ಸೋತು ಬಂದರೂ ಮುಖದಲ್ಲಿ ಒಂದು ಗೆಲುವು. ಈ ಸಲವೂ ಮಲಗಲಿಲ್ಲ ನೋಡು ಎನ್ನುತ್ತಿದ್ದರು.

ಪಂದ್ಯದ ದಿನ ಅಕ್ಕ ಬಟ್ಟೆ ಒಗೆಯುತ್ತಿರಲಿಲ್ಲ. ಕಲ್ಲಿನ ಮೇಲೆ ಬಟ್ಟೆ ಬೀಳುವ ಸದ್ದು ಅವಳಿಗೆ ಆಗುತ್ತಿರಲಿಲ್ಲ. ಕಾಯಿ ಒಡೆಯುತ್ತಿರಲಿಲ್ಲ, ಪಕ್ಕದ ಮನೆಯವರು ಮೆಣಸಿನಪುಡಿ ಕುಟ್ಟಿದರೂ ಹೋಗಿ ನಿಲ್ಲಿಸಿ ಬರುತ್ತಿದ್ದಳು. ನಾನು ಮೊದಲೆಲ್ಲ ಛೇಡಿಸುತ್ತಿದ್ದೆ. ಒಂದು ದಿನ ಭಾವ ಊಟ ಮಾಡುತ್ತಾ ಸಾರಿನ ಬಟ್ಟಲು ತೋರಿಸಿ ಅದರ ಹೆಸರಿಗೆ ತಡಕಾಡಿದರು. ಅದು... ಅದು ಕೊಡು... ಎಂದವರು ನಮ್ಮ ಮುಖ ನೋಡಿ ನಕ್ಕರು. ಕೈ ತೊಳೆಯಲು ಎದ್ದವರು ಗೋಡೆ ಹಿಡಿದು ನಿಂತುಬಿಟ್ಟರು. ಬಿಸಿಲಿಗೆ ಬಂದೆನಲ್ಲ ಅದಕ್ಕೆ ಎಂದರು. ಹೊರಗೆ ಸೋನೆ ಮಳೆ. ಆಮೇಲೆ ನಾನು ಛೇಡಿಸಲಿಲ್ಲ.

ಮೈಸೂರಿನ ಡಾಕ್ಟರು ಸ್ಕ್ಯಾನ್ ನೋಡಿ, ತಲೆಗೆ ಇನ್ನೊಂದು ಜೋರು ಪೆಟ್ಟು ಬಿದ್ದರೆ ಜೀವಕ್ಕೇ ಅಪಾಯ ಎಂದು ಬಿಡಿಸಿ ಹೇಳಿದರು. ಅಕ್ಕ ಅತ್ತಳು, ಊಟ ಬಿಟ್ಟಳು, ತವರಿಗೆ ಹೋಗಿಬಿಡುತ್ತೇನೆ ಎಂದಳು. ದುಬೈಯಲ್ಲಿ ಒಂದು ಪಂದ್ಯಕ್ಕೆ ಒಪ್ಪಿಕೊಂಡಾಗಿದೆ, ಇದೊಂದು ಮುಗಿಸಿ ಗ್ಲೌಸ್ ಕಟ್ಟಿಡುತ್ತೇನೆ ಎಂದು ಭಾವ ಅವಳ ತಲೆ ಮುಟ್ಟಿ ಆಣೆ ಮಾಡಿದರು. ಸ್ಕ್ಯಾನ್ ವಿಷಯ ಅಲ್ಲಿಯವರಿಗೆ ಹೇಳಲೇ ಇಲ್ಲವೆಂದು ನಮಗೆ ತಿಳಿದದ್ದು ಆಮೇಲೆ.

ಅವತ್ತು ಸಂಜೆ ನಾನು ನರಸೀಪುರದಲ್ಲೇ ಇದ್ದೆ. ಮೊಬೈಲನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಇಟ್ಟಿದ್ದೆವು. ಅಕ್ಕ ನೆಲದ ಮೇಲೆ, ಮಾವಯ್ಯ ಕುರ್ಚಿಯಲ್ಲಿ, ನೆರೆಹೊರೆಯವರು ಬಾಗಿಲ ತುಂಬ. ಎರಡು ರೌಂಡು ಭಾವ ಚೆನ್ನಾಗೇ ಆಡಿದರು. ಮೂರನೆಯದರಲ್ಲಿ ಆ ಹುಡುಗನ ಬಲಗೈ ಬಂದದ್ದು ನನಗೆ ಕಾಣಲೇ ಇಲ್ಲ. ಭಾವ ಮರದ ದಿಮ್ಮಿಯ ಹಾಗೆ ಹಿಂದಕ್ಕೆ ಬಿದ್ದರು. ಅಂಗಾತ. ರೆಫರಿ ಎಣಿಸತೊಡಗಿದ. ಅಕ್ಕನೂ ಬಾಯೊಳಗೇ ಎಣಿಸುತ್ತಿದ್ದಳು. ಅವನಿಗಿಂತ ಬೇಗ ಬೇಗ ಎಣಿಸುತ್ತಿದ್ದಳು, ಹತ್ತು ಆಗಿಬಿಡಲಿ ಎಂದು. ಅವಳದು ಹತ್ತಾಯಿತು, ಅವನಿನ್ನೂ ಐದರಲ್ಲಿದ್ದ. ಪರದೆಯ ಮೇಲೆ ಭಾವನ ಮೊಣಕೈ ಅಲ್ಲಾಡಿತು.

ಮಾವಯ್ಯ ಕುರ್ಚಿಯಿಂದ ಮುಂದಕ್ಕೆ ಬಗ್ಗಿ, ಮಗನ ಎದೆ ಮೇಲೆ ಇಟ್ಟ ಹಾಗೆ ಮೊಬೈಲಿನ ಮೇಲೆ ಅಂಗೈ ಇಟ್ಟರು.

“ಮನಿಕೊ ಮಗ. ಬೆನ್ನು ಮುಟ್ತು, ಮುಗೀತು. ಏಳ್ಬ್ಯಾಡ ಕಣ್ಲಾ, ಮನಿಕೊ.”

ಅವರು ಕೈ ತೆಗೆಯುವ ಹೊತ್ತಿಗೆ ಭಾವ ಎದ್ದು ನಿಂತಿದ್ದರು. ಬಾಗಿಲಲ್ಲಿದ್ದವರು ಚಪ್ಪಾಳೆ ತಟ್ಟಿದರು, ಯಾರೋ ಶಿಳ್ಳೆ ಹಾಕಿದರು. ಆಮೇಲೆ ಬಿದ್ದದ್ದು ಒಂದೇ ಪೆಟ್ಟು. ಅದನ್ನು ಬರೆಯಲಾರೆ...

ಅಲ್ಲೇ ತಲೆಗೆ ಆಪರೇಷನ್ ಆಯಿತು. ಜೀವ ಉಳಿಯಿತು ಎಂದರು. ಮನೆಗೆ ಬಂದ ಮೇಲೆ ಎರಡು ವರ್ಷ ಇದ್ದರು. ಕೆಲವು ದಿನ ಅಕ್ಕನ ಗುರುತು ಹತ್ತುತ್ತಿತ್ತು, ಕೆಲವು ದಿನ ಇಲ್ಲ. ಮಾವಯ್ಯನೇ ಕೂಸಿಗೆ ತಿನ್ನಿಸುವ ಹಾಗೆ ಮುದ್ದೆ ಮುರಿದು ತಿನ್ನಿಸುತ್ತಿದ್ದರು. ಆ ಎರಡು ವರ್ಷವೂ ಅಕ್ಕನ ಭಯ ತಪ್ಪಲಿಲ್ಲ. ಸ್ನಾನಕ್ಕೆ ಹೋದರೆ ಜಾರಿಯಾರು, ಬಾಗಿಲು ದಾಟಿದರೆ ದಾರಿ ತಪ್ಪಿಯಾರು, ಜಾಸ್ತಿ ಹೊತ್ತು ಸುಮ್ಮನಿದ್ದರೆ ಉಸಿರು ಇದೆಯೋ ಇಲ್ಲವೋ. ಮೂಗಿನ ಹತ್ತಿರ ಬೆರಳಿಟ್ಟು ನೋಡುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು. ಒಂದು ಬೆಳಿಗ್ಗೆ ಬೆರಳಿಟ್ಟಾಗ ಉಸಿರು ಇರಲಿಲ್ಲ. ಮಾವಯ್ಯನೂ ಮಗನ ಹಿಂದೆಯೇ, ವರ್ಷ ತುಂಬುವ ಮೊದಲು ಹೋದರು.

ಈಗ ಅಕ್ಕ ಭಾವನ ಇಲಾಖೆಯಲ್ಲೇ ಅನುಕಂಪದ ಮೇಲೆ ಸಿಕ್ಕ ಕೆಲಸ ಮಾಡಿಕೊಂಡು ಅದೇ ಮನೆಯಲ್ಲಿದ್ದಾಳೆ. ಕಳೆದ ವಾರ ನಾನು ಹೋದಾಗ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ದಾರಿಯಲ್ಲಿ ಕಬ್ಬಿನ ಲಾರಿಗೆ ನಮ್ಮ ಬಸ್ಸು ಗುದ್ದುವುದು ಕೂದಲೆಳೆಯಲ್ಲಿ ತಪ್ಪಿತು, ಇನ್ನೂ ಎದೆ ಹೊಡೆದುಕೊಳ್ಳುತ್ತಿದೆ ಎಂದು ಹೇಳಿ ಅವಳ ಕೈ ತೆಗೆದು ನನ್ನ ಎದೆಯ ಮೇಲಿಟ್ಟುಕೊಂಡೆ. ಅವಳು ಕೈಯನ್ನು ಸ್ವಲ್ಪ ಹೊತ್ತು ಹಾಗೇ ಬಿಟ್ಟಳು.

“ಪುಣ್ಯವಂತೆ ಕಣೆ ನೀನು,” ಎಂದಳು. “ನಂಗೀಗ ಯಾತಕ್ಕೂ ಭಯಾನೇ ಆಗಲ್ಲ. ಹೆದರ್ಕಳಾಕೆ ಯಾರವ್ರೆ ಹೇಳು.”